ಪಕ್ಕದ ಮನೆಯ ಷೇರುಪೇಟೆ ಮೇಡಂ

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಮೇಡಂ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, ಷೇರುಪೇಟೆಯ ಮೇಲೆ ಸಂಶೋಧನೆ ಮಾಡಿದವರು. ಜನ ಒಬ್ಬರನ್ನೊಬ್ಬರು ನೋಡಿ ಷೇರು ಕೊಳ್ಳುವುದರಿಂದ ಬೆಲೆ ಹೇಗೆ ಏರುತ್ತದೆ ಎನ್ನುವುದು ಅವರು ಬರೆದ ಪುಸ್ತಕದ ವಿಷಯ. ಸೆರಗಿಗೆ ಪಿನ್ ಹಾಕುತ್ತಿರಲಿಲ್ಲ. ಅದೂ ಅವರಿಗೆ ಒಪ್ಪುತ್ತಿತ್ತು. ನಾನು ರಸಬಾಳೆ ತಂದರೂ, "ಯಾರನ್ನ ನೋಡಿ ಆ ಅಂಗಡಿಗೆ ಹೋದ್ರಿ?" ಎಂದು ಕೇಳುತ್ತಿದ್ದರು.

ಎಂ.ಕಾಂ. ಮುಗಿಸುತ್ತಿದ್ದ ನನ್ನ ಮಗಳು ದಿನವೂ ಅವರ ಮನೆಯಲ್ಲೇ. "ಅಮ್ಮ, ಇವರ ಹೆಸರು ಹೇಳದೆ ಈ ವಿಷಯದಲ್ಲಿ ಯಾರೂ ಏನೂ ಬರೆಯೋಕಾಗಲ್ಲ, ಗೊತ್ತಾ?" ಎನ್ನುತ್ತಿದ್ದಳು. ಸಾರಿಗೆ ಉಪ್ಪು ಸಾಕಾ ಎಂದು ನಾನು ಕೇಳುತ್ತಿದ್ದೆ.

ಒಂದು ಸಂಜೆ ಅವರನ್ನು ಕಾಫಿಗೆ ಕರೆದು, "ಇವಳಿಗೆ ಪಿಎಚ್.ಡಿ. ಬೇಡ ಮೇಡಂ, ಬ್ಯಾಂಕ್ ಪರೀಕ್ಷೆ ಬರೀಲಿ. ನರಸೀಪುರದ ನಮ್ಮ ನಾದಿನಿ ಮಗಳೂ ಅದನ್ನೇ ಬರೆದದ್ದು" ಎಂದೆ.

"ಹಾಗಾದ್ರೆ ನೀವೂ ನನ್ನ ಪುಸ್ತಕದೊಳಗೆ ಬಂದ್ರಿ ಬಿಡಿ" ಎಂದರು. ಮಗಳು ಕಾಫಿ ತುಳುಕುವಷ್ಟು ನಕ್ಕಳು. ನನ್ನ ಜೊತೆ ಅವಳು ಹಾಗೆ ನಕ್ಕದ್ದು ನೆನಪಿಲ್ಲ.

ಮರುದಿನ ಅವಳು ಅವರ ಕೈಕೆಳಗೆ ಸಂಶೋಧನೆ ಮಾಡಲು ಅರ್ಜಿ ತುಂಬುತ್ತಾ ಕೂತಳು. ಕೊಡಲು ಅಂದೇ ಕಡೆಯ ದಿನ.

"ಅಮ್ಮ, ನನ್ನ ಪಾಸ್‌ಪೋರ್ಟ್ ಸೈಜ್ ಫೋಟೊ ಇದ್ಯಾ?"

"ಖಾಲಿಯಾಗಿದೆ ಕಣೇ" ಎಂದೆ.

ಬೀರುವಿನಲ್ಲಿ, ನನ್ನ ರೇಷ್ಮೆ ಸೀರೆಗಳ ಕೆಳಗೆ, ನಾಲ್ಕಿದ್ದವು.