ಮತ್ತೆ ಬನ್ನಿ ಎನ್ನದ ಅಂಗಡಿ

ಸ್ನೇಹಿತರೇ, ಇಂದು ಹಲಸೂರಿನಲ್ಲಿ ಶವಪೆಟ್ಟಿಗೆ ಮಾಡುವ ಅಂತೋಣಿ ಅಂಕಲ್ ಎದುರು ತಲೆ ತಗ್ಗಿಸಿ ಕುಳಿತಿದ್ದೆ. ಅವರ ಅಂಗಡಿಗೆ ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ವ್ಯಾಪಾರ ಹೆಚ್ಚಲೆಂದು, ಎಲ್ಲ ಅಂಗಡಿಗಳಿಗೂ ಮಾಡುವಂತೆ, ಆರ್ಡರ್ ಕೊಟ್ಟವರಿಗೆ ತಾನಾಗಿಯೇ ಒಂದು ಮೆಸೇಜ್ ಹೋಗುವ ಹಾಗೆ ಇಟ್ಟಿದ್ದೆ: ‘ಧನ್ಯವಾದ, ಮತ್ತೆ ಬನ್ನಿ.’ ಬೆಳಿಗ್ಗೆ ಅದು ಹೆಂಡತಿಯನ್ನು ಕಳೆದುಕೊಂಡವರೊಬ್ಬರ ಫೋನಿಗೆ ಹೋಗಿತ್ತು.

“ಮೂವತ್ತು ವರ್ಷದಿಂದ ಅಂಗಡಿ ನಡೆಸ್ತಿದೀನಮ್ಮ. ಒಬ್ಬರಿಗೂ ಬನ್ನಿ ಅಂದಿಲ್ಲ,” ಎಂದರು ಅಂಕಲ್. ದನಿ ಏರಿಸಲಿಲ್ಲ.

ಅಲ್ಲೇ ಮೆಸೇಜ್ ತೆಗೆದುಹಾಕಿದೆ. ಬದಲಿಗೆ ಏನು ಬರೆಯಲಿ ಎಂದು ಕೇಳಿದೆ.

“ಏನೂ ಬೇಡ. ಪೆಟ್ಟಿಗೆ ಮೇಲೆ ಹೆಸರು ತಪ್ಪಿಲ್ದೆ ಬರೆದ್ರೆ ಸಾಕು.”

ಏಳುವಾಗ ಅಭ್ಯಾಸದಂತೆ, “ಬರ್ತೀನಿ ಅಂಕಲ್,” ಎಂದೆ.

“ಇಲ್ಲಿ ಹೋಗ್ತೀನಿ ಅನ್ನಬೇಕಮ್ಮ.”

ವೆಬ್‌ಸೈಟಿನಲ್ಲಿ ಅಳಿಸಿದ್ದು ನನ್ನ ಬಾಯಲ್ಲಿ ಉಳಿದೇ ಇತ್ತು.