ಅಂಕಲ್ ಮಾತಾಡುತ್ತಿದ್ದ ಕಂಪ್ಯೂಟರ್

ಪರ್ತ್‌ನ ಹ್ಯಾರಿಸ್‌ಡೇಲ್‌ನಲ್ಲಿ ನಮ್ಮ ಮನೆಗೆ ಎರಡು ರಸ್ತೆ ಆಚೆ ಮೈಸೂರು ಕಡೆಯ ಅಂಕಲ್, ಆಂಟಿ ಇದ್ದರು. ಅಂಕಲ್ ಭೂವಿಜ್ಞಾನಿ, ಉತ್ತರದ ಗಣಿಗಳಲ್ಲಿ ವರ್ಷಗಟ್ಟಲೆ ದುಡಿದವರು. ಐವತ್ತು ದಾಟಿದ ಮೇಲೆ ಅವರಿಗೆ ನರಗಳ ಕಾಯಿಲೆ ಹತ್ತಿಕೊಂಡಿತು. ಮೊದಲು ಕೈಯಿಂದ ಲೋಟ ಜಾರತೊಡಗಿತು. ಆಮೇಲೆ ಕಾಲು ಹೋಯಿತು, ಕೊನೆಗೆ ಮಾತು. ಬುದ್ಧಿ ಮಾತ್ರ ಒಂದಿಷ್ಟೂ ಮಸುಕಾಗಲಿಲ್ಲ.

ಆಸ್ಪತ್ರೆಯವರು ಕೊಟ್ಟಿದ್ದ ಮಾತಾಡುವ ಯಂತ್ರಕ್ಕೆ ಇಂಗ್ಲಿಷ್ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಹೆಂಡತಿಯ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡಲು ಅಂಕಲ್ ಒಪ್ಪಲಿಲ್ಲ. ನಾನು ಸಾಫ್ಟ್‌ವೇರ್ ಕೆಲಸದವಳು. ನಮ್ಮ ಮನೆಯಲ್ಲಿ ಬಿದ್ದಿದ್ದ ಹಳೇ ಡೆಸ್ಕ್‌ಟಾಪ್‌ಗೆ ಲಿನಕ್ಸ್ ತಂತ್ರಾಂಶ ಹಾಕಿ ಅವರ ಮಂಚದ ಪಕ್ಕ ಇಟ್ಟೆ. ಅದರಲ್ಲಿ ಕನ್ನಡ ಓದುವ ಪುಕ್ಕಟೆ ಧ್ವನಿಯೊಂದು ಸಿಗುತ್ತಿತ್ತು, ತಗಡಿನ ಡಬ್ಬದೊಳಗೆ ಕೂತು ಮಾತಾಡಿದ ಹಾಗೆ. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಹೊಳೆಯುತ್ತವೆ. ಬೇಕಾದ ಅಕ್ಷರ ಬಂದಾಗ ಅಂಕಲ್ ಇನ್ನೂ ಆಡುತ್ತಿದ್ದ ಒಂದೇ ಬೆರಳಿನಿಂದ ಗುಂಡಿ ಒತ್ತಬೇಕು. ಮೊದಲ ದಿನ ಅದು 'ಕಾಫಿ ಕೊಡೇ' ಅಂದಾಗ ಆಂಟಿ ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ಕೆಲವು ತಿಂಗಳ ನಂತರ ಅಡಿಲೇಡ್‌ನಲ್ಲಿದ್ದ ಅವರ ಮಗಳು ನನಗೆ ಫೋನ್ ಮಾಡಿದಳು.

"ಅಕ್ಕಾ, ಅಪ್ಪನ ಕಂಪ್ಯೂಟರ್‌ಗೆ ಏನೋ ಆಗಿದೆ. ಮಧ್ಯಾಹ್ನ, ಅರ್ವೋ ಟೈಮಲ್ಲಿ ನನ್ನ ಜೊತೆ ಚಾಟ್ ಮಾಡ್ತಿರ್ತಾರೆ, ಅರ್ಧ ವಾಕ್ಯಕ್ಕೇ ನಿಂತುಹೋಗುತ್ತೆ. ಪ್ಲೀಸ್, ನೋಡ್ತೀಯಾ?"

ಹೋಗಿ ಕೇಳಿದೆ. ಅಂಕಲ್ ನಿಧಾನವಾಗಿ ಅಕ್ಷರ ಆರಿಸಿದರು. "ಪವರ್ ಆಫ್ ಆಗ್ತಿದೆ ಅಂತ ಪರದೆ ಮೇಲೆ ಬರುತ್ತೆ. ಆಫ್ ಆಗುತ್ತೆ," ಎಂದಿತು ಯಂತ್ರ. ಅದಕ್ಕಿಂತ ಹೆಚ್ಚು ಅವರು ಹೇಳಲಿಲ್ಲ.

ಬೇಸಿಗೆ ಸುಡುತ್ತಿತ್ತು, ಯಂತ್ರ ಕಾದು ತಾನೇ ಆಫ್ ಆಗುತ್ತಿರಬೇಕು ಎಂದುಕೊಂಡೆ. ಪೆಟ್ಟಿಗೆ ಬಿಚ್ಚಿ ಧೂಳು ತೆಗೆದೆ, ಫ್ಯಾನ್ ಬದಲಿಸಿದೆ. ಮತ್ತೆ ಆರಿತು. ವಿದ್ಯುತ್ ಕೊಡುವ ಪೆಟ್ಟಿಗೆಯನ್ನೇ ಹೊಸದು ಹಾಕಿದೆ. ಆಗಲೂ ಅದೇ ಕಥೆ. ಕೊನೆಗೊಂದು ಶನಿವಾರ ಬೆಳಿಗ್ಗೆ ಕೂತು, ಯಂತ್ರ ತನ್ನ ಪಾಡಿಗೆ ಬರೆದಿಟ್ಟುಕೊಳ್ಳುವ ದಾಖಲೆಯನ್ನು ಹಿಂದಿನಿಂದ ಓದುತ್ತ ಬಂದೆ. ಪ್ರತಿ ಸಲವೂ ಆರುವ ಮುಂಚಿನ ಸಾಲು ಒಂದೇ: ಪವರ್ ಬಟನ್ ಒತ್ತಲಾಗಿದೆ. ಬಟನ್ ಕೆಟ್ಟು ತಾನೇ ಒತ್ತಿಕೊಳ್ಳುತ್ತಿದೆಯೋ ಏನೋ ಎಂದು ಪರೀಕ್ಷಿಸಿದೆ. ಚೆನ್ನಾಗಿಯೇ ಇತ್ತು. ಆರಿದ್ದೆಲ್ಲ ಊಟದ ನಂತರ, ಅಂಕಲ್‌ರನ್ನು ನೋಡಿಕೊಳ್ಳಲು ಬರುವ ಹೆಂಗಸು ಹೊರಟುಹೋದ ಮೇಲೆ. ಆ ಹೊತ್ತಿನಲ್ಲಿ ಮನೆಯಲ್ಲಿರುತ್ತಿದ್ದುದು ಇಬ್ಬರೇ.

ಅಡುಗೆಮನೆಗೆ ಹೋದೆ. ಆಂಟಿ ಅಂಕಲ್‌ಗೆ ಗಂಜಿ ಸೋಸುತ್ತಿದ್ದರು.

"ಏನಾಗಿದೆಯಂತಮ್ಮಾ?"

"ಯಾರೋ ಬಟನ್ ಒತ್ತಿ ಆಫ್ ಮಾಡಿದ್ದಾರೆ ಅಂತ ತೋರಿಸ್ತಿದೆ ಆಂಟಿ."

ಅವರು ಸೌಟು ಕೆಳಗಿಟ್ಟರು. "ನಾನೇ," ಅಂದರು. "ದಿಂಬು ಸರಿಸು ಅನ್ನುತ್ತೆ. ಸರಿಸ್ತೀನಿ. ಇನ್ನೊಂಚೂರು ಅನ್ನುತ್ತೆ. ಕಾಲು ತಿರುಗಿಸು, ಬೆನ್ನು ಕೆರಿ. ಕೂತ್ರೆ ಕರಿಯುತ್ತೆ, ಬಾತ್‌ರೂಮಲ್ಲಿದ್ರೂ ಕರಿಯುತ್ತೆ. ಅದು ಅವರ ಧ್ವನಿ ಅಲ್ಲ ಕಣಮ್ಮಾ. ಯಾರೋ ಮೂರನೆಯವನು ಮನೇಲಿ ಬಂದು ಕೂತಂಗಿದೆ. ಹಿಂದಗಡೆಯಿಂದ ಹೋಗಿ ಒತ್ಬಿಡ್ತೀನಿ, ಅವರ ಮುಖ ನೋಡಲ್ಲ. ಒಂಚೂರು ಮಲಗಿ ಎದ್ದು ನಾನೇ ಆನ್ ಮಾಡ್ತೀನಿ."

"ಆ ಹೊತ್ತಲ್ಲಿ ಅವರಿಗೇನಾದ್ರೂ ಆದ್ರೆ ಆಂಟಿ?"

"ಗೊತ್ತು," ಅಂದರು. "ಅದೂ ಗೊತ್ತಿದ್ದೇ ಒತ್ತೋದು."

ನನಗೆ ಸಿಟ್ಟು ಬಂತು. ಅವರ ಕೈ ನೋಡಿದೆ. ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು; ಅಷ್ಟು ದೊಡ್ಡ ಮೈಯನ್ನು ಹೊರಳಿಸಿ ಹೊರಳಿಸಿ ಉಳುಕಿದ ಕೈ.

ಕೋಣೆಗೆ ಹಿಂತಿರುಗಿದಾಗ ಅಂಕಲ್‌ರ ಕಣ್ಣು ನನ್ನ ಮೇಲಿತ್ತು. ಬೆರಳು ಅಲುಗಿತು. ನಾನು ಕಾದು ನಿಂತೆ. ತಗಡಿನ ಧ್ವನಿ ಹೇಳಿತು: "ಅವಳ ಕಾಲಿನ ಸಪ್ಪಳ ಕೇಳುತ್ತೆ." ಇನ್ನೂ ಬಹಳ ಹೊತ್ತು ಬೆರಳಾಡಿಸಿದರು. "ಅವಳು ಮಲಗಲಿ. ಬಟನ್ ತೆಗೀಬೇಡ. ಮಗಳಿಗೆ ಹೇಳ್ಬೇಡ."

ಬಟನ್ ಒತ್ತಿದರೂ ಯಂತ್ರ ಆರದಂತೆ ಮಾಡುವುದು ನನಗೆ ಒಂದೇ ಸಾಲು ಕೋಡ್ ಬರೆಯುವ ಕೆಲಸ. ಮಾಡಲಿಲ್ಲ. ವಾರದಲ್ಲಿ ಎರಡು ಮಧ್ಯಾಹ್ನ ಮನೆಯಿಂದಲೇ ಆಫೀಸು ಕೆಲಸ ಮಾಡಲು ಅನುಮತಿ ಪಡೆದು, ಲ್ಯಾಪ್‌ಟಾಪ್ ಹಿಡಿದು ಅವರ ಕೋಣೆಯಲ್ಲೇ ಕೂರತೊಡಗಿದೆ. ಆಂಟಿ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಅಂಕಲ್ ನನ್ನಿಂದ ದಿಂಬು ಸರಿಸಿಕೊಳ್ಳುತ್ತಿದ್ದರು. ಬೆನ್ನು ಕೆರೆಯಲು ಮಾತ್ರ ಒಮ್ಮೆಯೂ ಹೇಳಲಿಲ್ಲ, ಸಂಕೋಚ. ಉಳಿದ ಮಧ್ಯಾಹ್ನಗಳಲ್ಲಿ ಏನಾಗುತ್ತಿತ್ತು ಎಂದು ನಾನು ದಾಖಲೆ ತೆರೆದು ನೋಡಲಿಲ್ಲ. ಮಗಳಿಗೆ ಹಳೇ ಯಂತ್ರ, ಹೀಗೇ ಆಗುತ್ತಿರುತ್ತದೆ ಎಂದುಬಿಟ್ಟೆ.

ಚಳಿಗಾಲದಲ್ಲಿ ಅಂಕಲ್‌ಗೆ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯಲ್ಲಿ ಆ ಡೆಸ್ಕ್‌ಟಾಪ್ ಇಡಲು ಜಾಗವಿರಲಿಲ್ಲ, ಗುಂಡಿ ಒತ್ತುವಷ್ಟು ಬಲ ಬೆರಳಿಗೂ ಇರಲಿಲ್ಲ. ಆಂಟಿ ಮಂಚದ ಬಳಿಯಿಂದ ಏಳಲಿಲ್ಲ. "ಏನು ಬೇಕು ಹೇಳಿ, ದಿಂಬಾ? ಕಾಲಾ?" ಎಂದು ಒಂದೊಂದೇ ಕೇಳುತ್ತ ಅವರ ಕಣ್ಣನ್ನೇ ನೋಡುತ್ತಿದ್ದರು. ಯಾವುದಕ್ಕೂ ಕಣ್ಣು ಮಿಟುಕಲಿಲ್ಲ. ಮಗಳು ಅಡಿಲೇಡ್‌ನಿಂದ ಬಂದಿಳಿಯುವ ಹೊತ್ತಿಗೆ ಅಂಕಲ್ ಹೋಗಿಬಿಟ್ಟಿದ್ದರು.

ಮನೆ ಖಾಲಿ ಮಾಡಿ ಆಂಟಿ ಮಗಳ ಜೊತೆ ಹೊರಟರು. ವಿಮಾನ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ದಾರಿಯುದ್ದಕ್ಕೂ ಮಗಳು ಅಪ್ಪನ ವಿಷಯವನ್ನೇ ಇಂಗ್ಲಿಷ್‌ನಲ್ಲಿ ಹೇಳಿಕೊಳ್ಳುತ್ತಿದ್ದಳು. ಹಿಂದಿನ ಸೀಟಿನಲ್ಲಿ ಆಂಟಿ ಕಿಟಕಿಗೆ ತಲೆಯಾನಿಸಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ನಿಲ್ದಾಣ ಬಂದರೂ ಅವರನ್ನು ಎಬ್ಬಿಸಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ.