ತಾಟು ತೊಳೆದ ನೀರು

ಹೊಟ್ಟೆಯ ಆಪರೇಷನ್ ಆದ ಮೇಲೆ ಹಸಿವೆ ಕಡಿಮೆಯಾಗುತ್ತದೆ ಎಂದು ಡಾಕ್ಟರು ಹೇಳಿದಾಗ ನಾನು ಅದನ್ನು ಲಾಭವೆಂದೇ ಎಣಿಸಿದ್ದೆ. ತೂಕ ಇಳಿಸುವುದಕ್ಕೆ ತಾನೇ ಇಷ್ಟೆಲ್ಲ? ಹಸಿವೆ ಎಂಬುದು ನಾಲ್ಕು ಜನರ ಜೊತೆ ಕೂರಲು ಸಿಗುವ ಅತಿ ಸುಲಭದ ನೆಪ ಎಂದು ಆಗ ಹೊಳೆಯಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಮೇಲೆ ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ ಮಾತಾಡಿ ಬಹುಮಾನ ತಂದವಳು ನಾನು. ಈ ವಿಷಯದಲ್ಲಿ ಮಾತ್ರ ವಿರೋಧದ ಕಡೆ ಯಾರನ್ನೂ ನಿಲ್ಲಿಸಿರಲಿಲ್ಲ.

ಆಪರೇಷನ್ ನಂತರ ನನಗೆ ಉಳಿದದ್ದು ಒಂದು ಚಹಾ ಕಪ್ಪಿನಷ್ಟು ಹೊಟ್ಟೆ. ದಿನಕ್ಕೆ ಬೇಕಾದ ಅರವತ್ತು ಗ್ರಾಂ ಪ್ರೋಟೀನನ್ನು ಅದರೊಳಗೇ ತುರುಕಬೇಕು. ಕೋಳಿ, ಮೀನು ತಿನ್ನುವವರಿಗೆ ಅಂಗೈಯಗಲದ ಎರಡು ತುಂಡಿನಲ್ಲಿ ಸಿಗುವುದನ್ನು ನಾನು ಪನೀರು, ಸೋಯಾ, ಗಟ್ಟಿ ಮೊಸರು, ಹೆಸರುಬೇಳೆ ಎಂದು ದಿನವಿಡೀ ಹೊಂಚಿ ತಿನ್ನಬೇಕು. ಹಾಲಿನ ಪುಡಿಯಂಥ ಪ್ರೋಟೀನ್ ಪುಡಿಯೂ ಇತ್ತು. ಅದರ ಸಿಹಿ ವಾಸನೆಗೇ ಓಕರಿಕೆ ಬರುತ್ತಿತ್ತು. ನಿಯಮಗಳು ಮೂರು. ಮೊದಲು ಪ್ರೋಟೀನ್, ಜಾಗ ಉಳಿದರೆ ಉಳಿದದ್ದು. ತುತ್ತು ನೀರಾಗುವವರೆಗೆ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು, ಉಂಡು ಅರ್ಧ ಗಂಟೆಯವರೆಗೂ ಕುಡಿಯಬಾರದು.

ಹೀಗೆ ಉಣ್ಣುವವರ ಜೊತೆ ಯಾರೂ ಉಣ್ಣಲಾರರು. ಆಫೀಸಿನ ಕ್ಯಾಂಟೀನಿನಲ್ಲಿ ನಾನು ಮೂರನೇ ಚಮಚ ಅಗಿಯುವಷ್ಟರಲ್ಲಿ ಗೆಳತಿಯರು ಬಿರಿಯಾನಿ ಮುಗಿಸಿ, ಕೈ ತೊಳೆದು, ಚಹಾದ ಕಡೆ ಹೊರಟಿರುತ್ತಿದ್ದರು. ಮೊದಮೊದಲು ಒಬ್ಬಳು ಮರ್ಯಾದೆಗೆಂದು ಕುಳಿತಳು. ಅವಳು ಫೋನು ನೋಡುತ್ತಾ ಕುಳಿತದ್ದನ್ನು ನೋಡಲಾಗದೆ ನಾನೇ ಬೇರೆ ಹೊತ್ತಿಗೆ ಊಟಕ್ಕೆ ಹೋಗತೊಡಗಿದೆ. ಸಂಜೆ, ಈ ತೆಲುಗು ಊರಿನ ಹೊಸ ಬಡಾವಣೆ ಮಣಿಕೊಂಡದ ನನ್ನ ಒಂಟಿ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಅಗಿಯುತ್ತಿದ್ದೆ. ಕೆಳಗೆ ಏಳುತ್ತಿದ್ದ ಕಟ್ಟಡದ ಹತ್ತಿರ ನಮ್ಮ ರಾಯಚೂರು ಕಡೆಯ ಹೆಂಗಸರು ಒಲೆ ಹಚ್ಚಿ, ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸುತ್ತ ಜಗಳವಾಡಿಕೊಂಡೇ ಉಣ್ಣುತ್ತಿದ್ದರು. ಆ ಜಗಳದಲ್ಲಿ ಸೇರಿಕೊಳ್ಳುವ ಆಸೆ ನನಗೆ.

ಆಮೇಲೆ ಕೂದಲು ಉದುರತೊಡಗಿತು. ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. ರಕ್ತದ ರಿಪೋರ್ಟ್ ನೋಡಿದ ಡಾಕ್ಟರು ಪ್ರೋಟೀನ್ ಕೆಳಗಿಳಿದಿದೆ, ಮುಂದಿನ ಸಲವೂ ಹೀಗೇ ಇದ್ದರೆ ಭರ್ತಿ ಮಾಡಿ ನರದ ಮೂಲಕವೇ ಕೊಡಬೇಕಾಗುತ್ತದೆ ಎಂದರು. ಅವರ ಪಕ್ಕದ ಕೋಣೆಯಲ್ಲಿದ್ದ ಆಹಾರತಜ್ಞೆ ನನ್ನದೇ ವಯಸ್ಸಿನವಳು, ತೆಲುಗಿನವಳು. ತೆಲುಗಿನಲ್ಲೇ ಕೇಳಿದಳು: ಮೊಟ್ಟೆಯಾದರೂ ತಿನ್ನಬಾರದೆ?

ಮೊಟ್ಟೆಯ ವಿರುದ್ಧ ನನ್ನ ಬಳಿ ಒಂದೂ ವಾದವಿರಲಿಲ್ಲ. ನಮ್ಮದು ಲಿಂಗಾಯತ ಮನೆ. ಆದರೆ ನಾನು ಹತ್ತನೇ ಇಯತ್ತೆಯಿಂದಲೇ ಇಷ್ಟಲಿಂಗ ಕಟ್ಟುವುದನ್ನು ಬಿಟ್ಟು, ಊಟಕ್ಕೆ ಕುಳಿತಾಗ ಅಪ್ಪನ ಜೊತೆ ದೇವರಿಲ್ಲವೆಂದು ವಾದಿಸಿದವಳು. ಇದೇ ಊರಿನ ಹಳೆಯ ಪೇಟೆ ಕೋಠಿಯಲ್ಲಿ ಮನೆ, ಬಟ್ಟೆ ಅಂಗಡಿ ಇರುವ ಅಪ್ಪನಿಗೆ ಗಿರಾಕಿಗಳ ಜೊತೆ ಚೌಕಾಸಿ ಮಾಡಿ ಸಾಕಾಗಿರುತ್ತಿತ್ತು. "ನೀ ಗೆದ್ದಿ ಬಿಡವಾ. ಈಗ ಉಣ್ಣು, ರೊಟ್ಟಿ ಆರಾಕತ್ತೈತಿ," ಎಂದು ಮುಗಿಸುತ್ತಿದ್ದರು. ಹೀಗಿರುವಾಗ ಮೊಟ್ಟೆ ತಿನ್ನಲು ಅಡ್ಡ ಬಂದದ್ದು ಒಂದೇ. ತಿಂದೆನೆಂದು ಗೊತ್ತಾದರೆ ಅವ್ವ ಬೈಯುವುದಿಲ್ಲ, ಅಳುವುದಿಲ್ಲ. ಸುಮ್ಮನೆ ನನ್ನ ತಾಟನ್ನು ಬೇರೆ ಇಡುತ್ತಾಳೆ. ವಾರಕ್ಕೊಮ್ಮೆ ಅಪ್ಪ-ಅವ್ವನ ಸಾಲಿನಲ್ಲಿ ಕೂರುವುದೊಂದೇ ನನಗೆ ಉಳಿದಿದ್ದ ಜೊತೆಯೂಟ. ಅದನ್ನು ಕಳೆದುಕೊಳ್ಳಲು ನಾನು ಸಿದ್ಧಳಾಗಿರಲಿಲ್ಲ.

ಆ ಭಾನುವಾರ ಕೋಠಿಗೆ ಹೋದೆ. ಅವ್ವ ಹೆಸರುಕಾಳಿನ ಉಸುಳಿ, ಗಟ್ಟಿ ಬೇಳೆ, ಪನೀರು ಎಲ್ಲ ಮಾಡಿದ್ದಳು. ಅರ್ಧ ರೊಟ್ಟಿಯನ್ನೂ ಹಾಕಿದಳು.

"ಅವ್ವಾ, ಮೊದಲ ಕಾಳು, ಬ್ಯಾಳಿ. ಜಾಗ ಉಳದ್ರ ರೊಟ್ಟಿ."

"ಜಾಗ ಉಳದ್ರ ಅಂತ! ಬಸ್ಸಿನ್ಯಾಗಿನ ಸೀಟ್ ಐತೇನ ಅದು? ಗುಬ್ಬಿ ತಿಂದಾಂಗ ತಿಂದ್ರ ಮೈಯಾಗ ರಗತ ಎಲ್ಲಿಂದ ಬರಬೇಕ?"

ಕಷ್ಟಪಟ್ಟು ತಾಟು ಖಾಲಿ ಮಾಡಿದೆ. ಸ್ವಲ್ಪ ಹೊತ್ತಿಗೆ ಬಚ್ಚಲಿಗೆ ಓಡಿ ಪನೀರು, ಉಸುಳಿ ಎಲ್ಲವನ್ನೂ ವಾಂತಿ ಮಾಡಿದೆ. ಇದು ಹೊಸದೇನಲ್ಲ. ಮಣಿಕೊಂಡದಲ್ಲಿಯೂ ಎಷ್ಟೋ ಸಂಜೆ ಹೀಗೇ ಆಗುತ್ತಿತ್ತು. ಅವ್ವ ಬೆನ್ನು ಸವರುತ್ತಾ ನಿಂತಿದ್ದಳು.

ಮರುವಾರ ಆಹಾರತಜ್ಞೆ ವಕೀಲಳಂತೆ ಪಾಟೀಸವಾಲಿಗೆ ಇಳಿದಳು. ಊಟದ ಮೊದಲ ತುತ್ತಿನಿಂದ ಹೇಳಿ ಎಂದಳು. ಹೇಳಿದೆ. ನಿಯಮ ಬಿಟ್ಟು ಒಂದು ಹೆಜ್ಜೆ ಇಟ್ಟಿಲ್ಲ ಎಂದೂ ಸೇರಿಸಿದೆ.

"ಊಟದ ನಡುವೆ ನೀರು?"

"ಇಲ್ಲ."

"ಮುಗಿದ ಮೇಲೆ?"

"ಇಲ್ಲ. ತಾಟು ತೊಳೆದು ಏಳುತ್ತೇನೆ."

"ಸಿಂಕಿನಲ್ಲಿ?"

"ಇಲ್ಲ, ಕೂತಲ್ಲೇ. ಕೈಯಿಂದ."

"ಆ ನೀರನ್ನು ಎಲ್ಲಿ ಚೆಲ್ಲುತ್ತೀರಿ?"

ಚೆಲ್ಲುವುದೆ? ನಮ್ಮ ಮನೆಯಲ್ಲಿ ತಾಟಿಗೆ ಬಿದ್ದ ಅನ್ನ ಪ್ರಸಾದ. ಒಂದಗುಳು ಬಿಡುವಂತಿಲ್ಲ. ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಎತ್ತಿ ಕುಡಿದರೇನೇ ಊಟ ಮುಗಿದಂತೆ. ಬುದ್ಧಿ ಬಂದಾಗಿನಿಂದ ಹಾಗೆಯೇ ಉಂಡವಳು ನಾನು. ದೇವರನ್ನು ಬಿಟ್ಟೆ, ಇದನ್ನು ಬಿಟ್ಟಿರಲಿಲ್ಲ. ಇದೊಂದು ಆಚರಣೆ ಎಂದು ಕೂಡ ಅನಿಸಿರಲಿಲ್ಲ. ಅದು ನೀರು ಕುಡಿಯುವುದರ ಲೆಕ್ಕಕ್ಕೇ ಬಂದಿರಲಿಲ್ಲ. ಯಾರೂ ನೋಡದ ಮಣಿಕೊಂಡದ ಕೋಣೆಯಲ್ಲಿ, ತುಂಬಿದ ಪುಟ್ಟ ಹೊಟ್ಟೆಯ ಮೇಲೆ, ಪ್ರತಿ ಊಟಕ್ಕೂ ಒಂದು ಲೋಟದಷ್ಟು ನೀರು ಸುರಿದು, ಒಳಗೆ ಹೋದ ಪ್ರೋಟೀನನ್ನು ಹೊರಗೆ ಕಳಿಸುತ್ತಿದ್ದೆ.

ಆಹಾರತಜ್ಞೆ ನಗಲಿಲ್ಲ. "ಇದನ್ನು ನಾನು ಯಾರನ್ನೂ ಕೇಳಿರಲಿಲ್ಲ," ಎಂದಳು. "ಮೊಟ್ಟೆ ಆಮೇಲೆ ನೋಡೋಣ. ಮೊದಲು ಇದನ್ನು ನಿಲ್ಲಿಸಿ."

ಕೋಠಿಯಲ್ಲಿ ವಿಷಯ ಹೇಳಿದಾಗ ಮೊದಲು ನಕ್ಕವರು ಅಪ್ಪ. "ದೇವರಿಲ್ಲ ಅಂತ ನನಗ ಪಾಠ ಹೇಳಾಕಿ, ಅಲ್ಲಿ ಒಬ್ಬಾಕಿನ ಕುಂತು ತಾಟ ತೊಳದು ಕುಡೀತಿದ್ದೇನ?" ನಾನು ಅವ್ವನ ಕಡೆ ತಿರುಗಿದೆ.

ಅವ್ವ ನಗಲಿಲ್ಲ. "ಅದು ನೀರಲ್ಲ."

"ನನ್ನ ಹೊಟ್ಟಿಗಿ ಅದು ತಿಳಿಯೂದಿಲ್ಲವಾ."

"ಹಂಗಂತ ತಾಟಿನ್ಯಾಗ ಬಿಟ್ಟ ಏಳತಿಯೇನ? ನಾ ನೋಡ್ಲಿಕ್ಕ ಆಗೂದಿಲ್ಲ."

"ಭರ್ತಿ ಮಾಡಿದ್ರ ನೋಡ್ಲಿಕ್ಕ ಆಗತೈತೇನ?"

ಮಾತು ಚುಚ್ಚಿತು. ಅವ್ವ ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಹೊರಗೆ ಬಂದಾಗ ಅವಳ ಕೈಯಲ್ಲಿ ಸಣ್ಣದೊಂದು ಬೋಗುಣಿ, ಅದರಲ್ಲಿ ಬಿಸಿ ಬೇಳೆ, ಪನೀರಿನ ಚೂರು.

"ತಾಟಿಗಿ ಬಡಿಸಿದ್ದು ಪ್ರಸಾದ. ಬೋಗಾಣ್ಯಾಗ ಇದ್ದದ್ದು ಬರೇ ಅಡಿಗಿ. ನಿಂದು ಇದರಾಗ ಬ್ಯಾರೆ ಮಾಡತೀನಿ. ತಾಟು ಬ್ಯಾಡ. ಇದರಾಗಿಂದನ ತಿನ್ನು, ಉಳದ್ರ ಸಂಜಿಗಿ ತಿನ್ನು. ಬಿಟ್ಟಂಗೂ ಆಗೂದಿಲ್ಲ, ತೊಳ್ಯೂದೂ ಇಲ್ಲ."

ಒಂದು ಪದದ ವ್ಯಾಖ್ಯೆ ಸರಿಸಿ ಇಡೀ ವಾದವನ್ನು ಗೆಲ್ಲುವುದು ಹೇಗೆ ಎಂದು ನನಗೆ ಕಾಲೇಜಿನಲ್ಲಿ ವರ್ಷಗಟ್ಟಲೆ ಕಲಿಸಿದ್ದರು. ಅವ್ವ ಅದನ್ನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಲ್ಲೇ ಮಾಡಿದ್ದಳು. ನಾನು ಒಪ್ಪಿದೆ.

ಸಾಲಿನಲ್ಲಿ ಬೋಗುಣಿ ಹಿಡಿದು ಕೂರುವುದು ಮಾತ್ರ ಚೆನ್ನಾಗಿ ಕಾಣುವುದಿಲ್ಲ ಎಂದಳು ಅವ್ವ. ನನ್ನ ಊಟಕ್ಕೆ ಮುಕ್ಕಾಲು ಗಂಟೆ ಬೇಕು. ಅಷ್ಟೊತ್ತು ಅಪ್ಪ ಒಣಗಿದ ಕೈಯಲ್ಲಿ ಕಾಯಬೇಕಾಗುತ್ತದೆ. ಆದ್ದರಿಂದ ಅವರ ಪೂಜೆ ಮುಗಿಯುವ ಮೊದಲೇ ನಾನು ಅಡುಗೆಮನೆಯ ಮಣೆಯ ಮೇಲೆ ಕುಳಿತು ಮುಗಿಸಿಬಿಡುವುದು ಎಂದಾಯಿತು. ಅವ್ವ ನನಗೆ ಬೆನ್ನು ತಿರುಗಿಸಿ ರೊಟ್ಟಿ ಬಡಿಯುತ್ತಿದ್ದಳು. ನಾನು ಅಗಿಯುತ್ತಿದ್ದೆ. ರೊಟ್ಟಿಯ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ.

ವಾಂತಿ ನಿಂತಿತು. ಸೋಯಾ ಹಿಟ್ಟನ್ನು ಮಜ್ಜಿಗೆಯಲ್ಲಿ ಕದಡಿ ಎರಡು ಊಟಗಳ ನಡುವೆ ಕುಡಿಯುವುದನ್ನು ಕಲಿತೆ. ಮೊಟ್ಟೆ ಬೇಕಾಗಲಿಲ್ಲ. ಮುಂದಿನ ರಿಪೋರ್ಟಿನಲ್ಲಿ ಪ್ರೋಟೀನ್ ಮೇಲೆ ಬಂದಿತ್ತು. ಡಾಕ್ಟರು ಭರ್ತಿಯ ಮಾತು ಬಿಟ್ಟರು. ಫೋನಿನಲ್ಲಿ ಹೇಳಿದಾಗ ಅವ್ವ ಪಕ್ಕದ ಮನೆಯವರಿಗೆ ಕೇಳುವಷ್ಟು ಜೋರಾಗಿ ಅಪ್ಪನನ್ನು ಕರೆದಳು.

ಯುಗಾದಿಗೆ ರಾಯಚೂರಿನಿಂದ ಅಪ್ಪನ ಅಕ್ಕ ಬಂದಿದ್ದರು. ಸಾಲು ಕುಳಿತಿತು. ಹೊಟ್ಟೆ ತುಂಬಿದ ಮೇಲೆ ಅಡುಗೆಯ ವಾಸನೆಯೂ ನನಗೆ ಭಾರ. ಆದರೂ ಬಡಿಸಲು ನಿಂತೆ. ಆ ಸಾಲಿನಲ್ಲಿ ನಿಲ್ಲಲು ನನಗೆ ಇದ್ದದ್ದು ಅದೊಂದೇ ಕಾರಣ. ಅಪ್ಪನ ಪಕ್ಕದಲ್ಲಿ ನಾನು ಕೂರುತ್ತಿದ್ದ ಜಾಗದಲ್ಲಿ ಅತ್ತೆ ಆರಾಮಾಗಿ ಕಾಲು ಚಾಚಿ ಕುಳಿತಿದ್ದರು.

"ಹುಡುಗಿ ಉಣ್ಣಾಂಗಿಲ್ಲೇನ?" ಎಂದು ಕೇಳಿದರು.

"ಆಕಿದು ಆಗೈತ್ರಿ, ಅಕ್ಕಾರ," ಎಂದಳು ಅವ್ವ.

"ಹಬ್ಬದ ದಿನಾನೂ ಒಬ್ಬಾಕಿನ ಉಂಡಳ?"

"ಹೂಂರಿ. ಈಗ ಆಕಿಗಿ ಭಾಳ ಆರಾಮ ಐತಿ. ರಿಪೋರ್ಟ್ ಚಲೋ ಬಂದೈತಿ."

ಅತ್ತೆ ನನ್ನ ಮುಖ ನೋಡಿದರು. ನಾನು ಏನಾದರೂ ಹೇಳುತ್ತೇನೆಂದು ಅಪ್ಪನೂ ನೋಡಿದರು. ಅವ್ವ ಹೇಳಿದ್ದರಲ್ಲಿ ಒಂದು ಪದವೂ ಸುಳ್ಳಾಗಿರಲಿಲ್ಲ. ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದುಕೊಂಡು ಬಗ್ಗಿ, ಇನ್ನಷ್ಟು ಹಾಕಲೇ ಎಂದು ಅತ್ತೆಯನ್ನು ಕೇಳಿದೆ.